‘ವಿಟಮಿನ್ ಅಲ್ಲೇನ, ಕೊಡ್ರಿ’ ಎಂಬ ಮಾತು

ತಂಗಿಯ ಮಗಳಿಗೆ ಆಗ ಒಂಬತ್ತು ತಿಂಗಳು ತುಂಬಿ ವಾರವಾಗಿತ್ತು. ಗುರುವಾರ ಅಂಗನವಾಡಿಯಲ್ಲಿ ದಡಾರ-ರುಬೆಲ್ಲಾ ಸೂಜಿ ಹಾಕಿ, ಜೊತೆಗೆ ವಿಟಮಿನ್ ಎ ಹನಿ ಕುಡಿಸಿ ಕಳಿಸಿದ್ದರು. ಮರುದಿನ ಕೂಸಿಗೆ ಸಣ್ಣಗೆ ನೆಗಡಿ ಬಂತೆಂದು ಬೀಗರು ಅದನ್ನು ಒಂದು ಖಾಸಗಿ ದವಾಖಾನೆಗೆ ಒಯ್ದರು. ಅಲ್ಲಿ ನೆಗಡಿಯ ಔಷಧದ ಜೊತೆಗೆ, ಒಂಬತ್ತು ತಿಂಗಳಾಗಿದೆಯಲ್ಲ ಇದನ್ನೂ ಹಾಕಿಬಿಡೋಣ ಎಂದು, ಇನ್ನೊಂದು ಸಲ ವಿಟಮಿನ್ ಎ ಕುಡಿಸಿದರು. ತಾಯಿ ಕಾರ್ಡನ್ನು ಯಾರೂ ಒಯ್ದಿರಲಿಲ್ಲ, ಯಾರೂ ಕೇಳಲೂ ಇಲ್ಲ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೂಸು ಕುಡಿದ ಹಾಲನ್ನೆಲ್ಲ ಕಕ್ಕತೊಡಗಿತು, ಅಳು ನಿಲ್ಲಲಿಲ್ಲ. ಎಣ್ಣೆ ಹಚ್ಚಲೆಂದು ನೆತ್ತಿ ಮುಟ್ಟಿದ ನಮ್ಮವ್ವ ಥಟ್ಟನೆ ಕೈ ತೆಗೆದಳು. “ನೆತ್ತಿ ಉಬ್ಬೇತಿ ನೋಡ. ಇದು ಬರೇ ನೆಗಡಿ ಅಲ್ಲ” ಎಂದಳು.

ಆ ರಾತ್ರಿ ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಕೂತಿದ್ದನ್ನು ನಾನು ಮರೆಯಲಾರೆ. ಉಬ್ಬಿದ ನೆತ್ತಿ ಎಂದರೆ ವೈದ್ಯರಿಗೆ ಮೊದಲು ಬರುವ ಅನುಮಾನ ಮಿದುಳುಪೊರೆಯ ಸೋಂಕಿನದು. ಕರ್ತವ್ಯದಲ್ಲಿದ್ದ ಡಾಕ್ಟರಮ್ಮ ಪರೀಕ್ಷೆ ಮಾಡುತ್ತಲೇ ಕೇಳಿದರು: “ಎರಡು ದಿನದಾಗ ಕೂಸಿಗೆ ಏನೇನು ಕೊಟ್ಟೀರಿ, ಒಂದೊಂದ ಹೇಳ್ರಿ.” ತಂಗಿ ಅಂಗನವಾಡಿಯ ಹನಿ ಹೇಳಿದಳು. ಅವಳ ಅತ್ತೆ ಖಾಸಗಿ ದವಾಖಾನೆಯ ಹನಿ ಹೇಳಿದರು. ಎರಡೂ ಒಂದೇ ಔಷಧ ಎಂದು ಆಗ ಗೊತ್ತಾಯಿತು. ರಾತ್ರಿಯೆಲ್ಲ ಕಾದು ನೋಡಿದರು, ಸೋಂಕು ಇರಲಿಲ್ಲ. ಎರಡು ದಿನಕ್ಕೆ ನೆತ್ತಿ ಇಳಿಯಿತು, ಕೂಸು ನಕ್ಕಿತು. ಆದರೆ ವರಾಂಡದಲ್ಲಿ ಬೀಗರು ನನ್ನನ್ನು ಕೇಳಿದ ಪ್ರಶ್ನೆ ಉಳಿದುಕೊಂಡಿತು: “ವಿಟಮಿನ್ ಅಲ್ಲೇನ್ರಿ? ಅದರಿಂದ ಏನಾಗ್ತೈತಿ?”

ಅವರು ಹಟಮಾರಿಗಳಲ್ಲ. ನಾವೆಲ್ಲರೂ ನಂಬಿರುವುದನ್ನೇ ಅವರು ಕೇಳಿದರು. ವಿಟಮಿನ್ ಎಂದರೆ ಒಳ್ಳೆಯದು. ಒಳ್ಳೆಯದು ಹೆಚ್ಚಾದರೆ ಇನ್ನೂ ಒಳ್ಳೆಯದು, ತೀರ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಧಾರವಾಡದ ಓದಿದ ಮನೆಗಳಲ್ಲೂ, ಹುಬ್ಬಳ್ಳಿಯ ವ್ಯಾಪಾರಿಗಳ ಮನೆಗಳಲ್ಲೂ, ಔಷಧದ ಅಂಗಡಿಯ ಕಟ್ಟೆಯ ಮೇಲೂ ನಾನು ಇದನ್ನೇ ಕೇಳಿದ್ದೇನೆ. ವಿಟಮಿನ್ ಎ ಮಟ್ಟಿಗೆ ಈ ನಂಬಿಕೆ ತಪ್ಪು. ಅದರಿಂದ ಮಕ್ಕಳಿಗೂ ಬಸುರಿಯರಿಗೂ ಅಪಾಯವಿದೆ. ಇದನ್ನು ಬಿಡಿಸಿ ಹೇಳುವುದು ಅಗತ್ಯವೆಂದು ನನಗೆ ತೋರುತ್ತದೆ.

ಈ ನಂಬಿಕೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಬಿ-ಕಾಂಪ್ಲೆಕ್ಸ್ ಗುಳಿಗೆ ನುಂಗಿದ ಮೇಲೆ ಮೂತ್ರ ಗಾಢ ಹಳದಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಬಿ ಮತ್ತು ಸಿ ನೀರಿನಲ್ಲಿ ಕರಗುವಂಥವು. ದೇಹ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಬಹುಪಾಲು ಹೊರಹಾಕುತ್ತದೆ. ಎ ಕರಗುವುದು ಕೊಬ್ಬಿನಲ್ಲಿ. ಅದಕ್ಕೆ ಮೂತ್ರದ ದಾರಿ ಸುಲಭವಲ್ಲ. ಅದು ಹೋಗಿ ಕೂರುವುದು ಯಕೃತ್ತಿನಲ್ಲಿ, ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ ಹಾಗೆ. ಬರಗಾಲಕ್ಕೆ ಇರಲೆಂದು ನೆಲದೊಳಗೆ ಕಾಳು ಕೂಡಿಡುವ ಈ ಭಾಗದ ರೈತನ ಉಪಾಯವನ್ನೇ ದೇಹ ಮಾಡಿಕೊಂಡಿದೆ: ಉಂಡಾಗ ಕೂಡಿಡು, ಇಲ್ಲದಾಗ ಸ್ವಲ್ಪಸ್ವಲ್ಪ ತೆಗೆ. ಆದರೆ ಹಗೇವಿಗೂ ಒಂದು ಅಳತೆಯಿದೆ. ಅದು ತುಂಬಿದ ಮೇಲೂ ಸುರಿಯುತ್ತ ಹೋದರೆ, ಒಳಗೆ ಹಿಡಿಸದ ವಿಟಮಿನ್ ಎ ರಕ್ತದಲ್ಲಿ ತಿರುಗಿ ಜೀವಕೋಶಗಳಿಗೇ ಕೇಡು ಮಾಡುತ್ತದೆ. ತಲೆನೋವು, ವಾಂತಿ, ಒಡೆದು ಸುಲಿಯುವ ಚರ್ಮ, ಉದುರುವ ಕೂದಲು, ಮೂಳೆನೋವು. ತಿಂಗಳುಗಟ್ಟಲೆ ನಡೆದರೆ ಯಕೃತ್ತಿಗೇ ಹಾನಿ.

ಇದು ಹೊಸ ಸಂಗತಿಯೂ ಅಲ್ಲ. 1597ರಲ್ಲಿ ಉತ್ತರ ಧ್ರುವದ ಹತ್ತಿರ ಹಿಮದಲ್ಲಿ ಸಿಕ್ಕಿಕೊಂಡ ಡಚ್ ನಾವಿಕರು ಹಿಮಕರಡಿಯ ಯಕೃತ್ತು ತಿಂದು ಹಾಸಿಗೆ ಹಿಡಿದರು. ಕೆಲವರ ಚರ್ಮ ತಲೆಯಿಂದ ಕಾಲಿನವರೆಗೆ ಸುಲಿಯಿತೆಂದು ಅವರಲ್ಲೊಬ್ಬ, ಗೆರಿಟ್ ಡಿ ವೇರ್, ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಯಕೃತ್ತಿನಲ್ಲಿದ್ದ ವಿಷ ವಿಟಮಿನ್ ಎ ಎಂದು ವಿಜ್ಞಾನಿಗಳು ತೋರಿಸಿಕೊಟ್ಟದ್ದು 1943ರಲ್ಲಿ.

ಈಗ ನಮ್ಮ ಅಂಗನವಾಡಿಯ ಚಮಚಕ್ಕೆ ಬರೋಣ. ಸರ್ಕಾರದ ಬಾಟಲಿಯಲ್ಲಿ ಪ್ರತಿ ಮಿಲಿಗೆ 1 ಲಕ್ಷ ಐಯು ವಿಟಮಿನ್ ಎ ಇರುತ್ತದೆ. ಒಂಬತ್ತನೆಯ ತಿಂಗಳಿಗೆ 1 ಮಿಲಿ, ಒಂದೂವರೆ ವರ್ಷದ ಹೊತ್ತಿಗೆ 2 ಮಿಲಿ, ಆಮೇಲೆ ಐದು ವರ್ಷ ತುಂಬುವವರೆಗೆ ಆರಾರು ತಿಂಗಳಿಗೆ 2 ಮಿಲಿ. ಎಲ್ಲ ಸೇರಿ ಒಂಬತ್ತು ಸಲ. 2 ಲಕ್ಷ ಎಂಬ ಅಂಕಿ ಕೇಳಿ ಕೆಲವರು ಹೆದರುತ್ತಾರೆ, ಕೆಲವರು ಖುಷಿಪಡುತ್ತಾರೆ. ಎರಡಕ್ಕೂ ಮುಂಚೆ ಗುಣಾಕಾರ ಮಾಡಬೇಕು. 1 ಐಯು ಎಂದರೆ 0.3 ಮೈಕ್ರೋಗ್ರಾಂ. ಹಾಗಾಗಿ 2 ಲಕ್ಷ ಐಯು ಎಂದರೆ 60,000 ಮೈಕ್ರೋಗ್ರಾಂ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 390 ಮೈಕ್ರೋಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿವೆ. ಭಾಗಿಸಿದರೆ 154 ದಿನ. ಎಂದರೆ ಆ ಒಂದು ಚಮಚ ಮಗುವಿನ ಐದು ತಿಂಗಳ ಬುತ್ತಿ. ಆರು ತಿಂಗಳ ಅಂತರ ಇಟ್ಟಿರುವುದು ಇದಕ್ಕಾಗಿಯೇ. ಹೀಗೆ ಲೆಕ್ಕದಲ್ಲಿ ಕೊಟ್ಟ ಹನಿ ಬಹುಪಾಲು ಮಕ್ಕಳಿಗೆ ಯಾವ ತೊಂದರೆಯನ್ನೂ ಮಾಡುವುದಿಲ್ಲ. ಕೆಲವು ಎಳೆಗೂಸುಗಳಿಗೆ ಒಂದೆರಡು ದಿನ ವಾಂತಿ, ನೆತ್ತಿ ಉಬ್ಬು ಕಾಣಿಸಿಕೊಂಡು ತಾನೇ ಇಳಿಯುತ್ತದೆ. ಹಾಗೆಂದು ಉಬ್ಬಿದ ನೆತ್ತಿಯನ್ನು ಮನೆಯಲ್ಲೇ ತೀರ್ಮಾನಿಸಬಾರದು, ಡಾಕ್ಟರರಿಗೆ ತೋರಿಸಲೇಬೇಕು.

ಬುತ್ತಿ ಕಟ್ಟಿಕೊಟ್ಟ ಮರುದಿನವೇ ಇನ್ನೊಂದು ಬುತ್ತಿ ಕಟ್ಟುವುದು, ಆ ಐದು ತಿಂಗಳ ನಡುವೆ ದಿನವೂ ಟಾನಿಕ್ ಸುರಿಯುವುದು: ಅಪಾಯ ಇರುವುದು ಇಲ್ಲಿ. ನಮ್ಮ ಮನೆಯಲ್ಲಿ ಆದದ್ದು ಇವುಗಳಲ್ಲಿ ಮೊದಲನೆಯದು.

ಹನಿಯ ಕಾರ್ಯಕ್ರಮವನ್ನೇ ಹಳಿಯುವವರ ಗುಂಪಿಗೆ ನಾನು ಸೇರಲಾರೆ. ಇರುಳುಗಣ್ಣು ಎಂಬ ಪದ ಈಗಿನ ಹುಡುಗರಿಗೆ ನಿಘಂಟಿನ ಮಾತು. ನಮ್ಮವ್ವನಿಗೆ ಅದು ಓಣಿಯ ಮಾತು. ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಎಡವುವ ಮಕ್ಕಳು, ಕಣ್ಣಿನ ಬಿಳಿಯಲ್ಲಿ ನೊರೆಯಂಥ ಬೂದು ಕಲೆ, ಆಮೇಲೆ ಮೆತ್ತಗಾಗಿ ಕರಗಿಹೋಗುವ ಕಣ್ಣುಗುಡ್ಡೆ. ಬಡತನದ ಮಕ್ಕಳನ್ನು ಕುರುಡು ಮಾಡುತ್ತಿದ್ದ ಈ ರೋಗವನ್ನು ತಡೆಯಲು ಡಾ. ಸಿ. ಗೋಪಾಲನ್ ಅವರ ನೇತೃತ್ವದ ಹೈದರಾಬಾದಿನ ಸಂಸ್ಥೆ ಹಳ್ಳಿಗಳಲ್ಲಿ ಪ್ರಯೋಗ ಮಾಡಿ ಭಾರೀ ಪ್ರಮಾಣದ ಹನಿಯ ದಾರಿ ತೋರಿಸಿತು. 1970ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಗೋಪಾಲನ್ ಅದನ್ನು ಊರುಗೋಲೆಂದೇ ಭಾವಿಸಿದ್ದರು. ನಡೆಯುವ ಕಾಲು ಊಟವೇ ಎಂಬುದು ಅವರ ನಿಲುವಾಗಿತ್ತು. ನೂರು ವರ್ಷ ಬಾಳಿ 2019ರಲ್ಲಿ ತೀರಿಕೊಂಡ ಆ ಹಿರಿಯರ ಈ ಎರಡನೆಯ ಮಾತನ್ನು ನಾವು ಮೊದಲನೆಯದರಷ್ಟು ಕೇಳಿಸಿಕೊಳ್ಳಲಿಲ್ಲ.

ಕಾರ್ಯಕ್ರಮದ ಉದ್ದೇಶವೂ ಕಾಲಕ್ರಮದಲ್ಲಿ ಬದಲಾಯಿತು. ಕಣ್ಣು ಉಳಿಸಲು ಹುಟ್ಟಿದ ಹನಿ ಜೀವ ಉಳಿಸುವ ಹನಿಯಾಯಿತು. 1986ರಲ್ಲಿ ಆಲ್ಫ್ರೆಡ್ ಸೋಮರ್ ಮತ್ತು ಸಂಗಡಿಗರು ಇಂಡೊನೇಷ್ಯಾದ ‘ಆಚೆ’ ಎಂಬ ಪ್ರಾಂತ್ಯದ ಹಳ್ಳಿಗಳಲ್ಲಿ ಹನಿ ಪಡೆದ ಮಕ್ಕಳ ಸಾವು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಯಿತೆಂದು ಪ್ರಕಟಿಸಿದರು. ಜಗತ್ತು ಬೆರಗಾಯಿತು. 1990ರಲ್ಲಿ ಹೈದರಾಬಾದಿನ ಸುತ್ತ ಅದೇ ಭಾರೀ ಹನಿ ಕೊಟ್ಟು ನೋಡಿದ ಪ್ರಯೋಗದಲ್ಲಿ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಮದುರೆಯ ಅರವಿಂದ್ ಆಸ್ಪತ್ರೆಯ ರಹಮತುಲ್ಲಾ ಮತ್ತು ಸಂಗಡಿಗರು ತಿರುಚಿನಾಪಳ್ಳಿ ಜಿಲ್ಲೆಯ ಹದಿನೈದು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಮಾಡಿದ ಇನ್ನೊಂದು ಪ್ರಯೋಗ ಪ್ರಕಟವಾಯಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇದು. ಅವರು ಭಾರೀ ಹನಿ ಕೊಡಲಿಲ್ಲ. ವಾರಕ್ಕೊಮ್ಮೆ 8,333 ಐಯು ಮಾತ್ರ ಕೊಟ್ಟರು. ಲೆಕ್ಕ ಹಾಕಿ: ವಾರಕ್ಕೆ 2,500 ಮೈಕ್ರೋಗ್ರಾಂ, ದಿನಕ್ಕೆ ಸುಮಾರು 357. ಒಂದು ಮಗು ಸರಿಯಾಗಿ ಉಂಡರೆ ತಟ್ಟೆಯಿಂದಲೇ ಸಿಗಬೇಕಾದಷ್ಟು. ಅಲ್ಲಿ ಸಾವು ಶೇ. 54ರಷ್ಟು ಇಳಿಯಿತು. ಲಕ್ಷದ ಲೆಕ್ಕ ಮಾಡಲಾಗದ್ದನ್ನು ತುತ್ತಿನ ಲೆಕ್ಕ ಮಾಡಿತು. ಎರಡು ಊರಿನ ಎರಡು ಪ್ರಯೋಗಗಳನ್ನು ಎದುರುಬದುರು ನಿಲ್ಲಿಸಿ ಪೂರ್ತಿ ತೀರ್ಪು ಕೊಡಲಾಗದು, ನಿಜ. ಆದರೂ ನಾವು ಇದರ ಬಗ್ಗೆ ಹೆಚ್ಚು ಮಾತಾಡಬೇಕಿತ್ತು.

ಆಮೇಲೆ ಉತ್ತರಪ್ರದೇಶದಲ್ಲಿ ಹತ್ತು ಲಕ್ಷ ಮಕ್ಕಳನ್ನು ಒಳಗೊಂಡ ಪ್ರಯೋಗ 1999ರಿಂದ 2004ರವರೆಗೆ ನಡೆಯಿತು, ಅದರ ಫಲಿತಾಂಶ ಹೊರಬಿದ್ದದ್ದು 2013ರಲ್ಲಿ: ಸಾವಿನಲ್ಲಿ ಇಳಿಕೆ ಶೇ. 4, ಅದೂ ಆಕಸ್ಮಿಕವಿರಬಹುದಾದಷ್ಟು ಸಣ್ಣದು. ಎಲ್ಲ ದೇಶಗಳ ಪ್ರಯೋಗಗಳನ್ನು ಕೂಡಿಸಿ ತೂಗಿದಾಗ ಹನಿಯಿಂದ ಲಾಭವಿದೆ ಎಂಬ ಪಕ್ಷವೇ ಭಾರವಾಗುತ್ತದೆಂದು ಹೇಳುವ ತಜ್ಞರಿದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೊರತೆ ಎಷ್ಟು ಆಳವೋ ಹನಿಯ ಲಾಭವೂ ಅಷ್ಟೇ ದೊಡ್ಡದು. ಕೊರತೆ ಇಳಿದಂತೆ ಲಾಭವೂ ಇಳಿಯುತ್ತದೆ. ನಮ್ಮ ದೇಶದಲ್ಲಿ ಕೊರತೆ ಇಳಿದಿದೆ. 2016-18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯ ರಕ್ತಪರೀಕ್ಷೆಗಳನ್ನು ಹೈದರಾಬಾದಿನ ಸಂಸ್ಥೆ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮೊದಲಾದವರು ವಿಶ್ಲೇಷಿಸಿ 2021ರಲ್ಲಿ ಪ್ರಕಟಿಸಿದಂತೆ, ಐದರ ಒಳಗಿನ ಮಕ್ಕಳಲ್ಲಿ ಎ ಕೊರತೆ ಶೇ. 15.7. ಗಂಭೀರ ಸಾರ್ವಜನಿಕ ಸಮಸ್ಯೆ ಎನ್ನಲು ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಗೆರೆ ಶೇ. 20. ಹಾಗಿರುವಾಗ ಎಲ್ಲ ರಾಜ್ಯಕ್ಕೂ ಎಲ್ಲ ಮಗುವಿಗೂ ಒಂದೇ ಚಮಚ ಏಕೆ ಎಂದು ಆ ಸಂಶೋಧಕರು ಕೇಳಿದರು. ಈ ಪ್ರಶ್ನೆ ಕೇಳಿದವರನ್ನು ಮಕ್ಕಳ ಶತ್ರುಗಳಂತೆ ನೋಡುವುದು ಅನ್ಯಾಯ.

ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಶೇ. 15.7 ಎಂದರೆ ಆರರಲ್ಲಿ ಒಂದು ಮಗು. ಕಲಘಟಗಿಯ ಕಾಡಂಚಿನ ಹಳ್ಳಿಯ ಮಗುವನ್ನೂ ಹುಬ್ಬಳ್ಳಿಯ ವಿದ್ಯಾನಗರದ ಫ್ಲ್ಯಾಟಿನ ಮಗುವನ್ನೂ ಒಂದೇ ಸರಾಸರಿಯಲ್ಲಿ ಹಾಕಿ, ಹನಿ ಬೇಡ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದಡಾರ ಬಂದ ಮಗುವಿಗೆ ಡಾಕ್ಟರರು ಎರಡು ದಿನ ಒಂದರ ಹಿಂದೊಂದು ಕೊಡುವ ಎ ಹನಿ ಕಣ್ಣನ್ನೂ ಪ್ರಾಣವನ್ನೂ ಉಳಿಸುವ ಔಷಧ. ಅಪೌಷ್ಟಿಕತೆಯಿಂದ ಬಳಲುವ ಮಗುವಿಗೂ ಅದು ಬೇಕಾಗಬಹುದು. ಔಷಧವನ್ನು ಔಷಧದಂತೆ ಕಾಣಿ ಎಂಬುದಷ್ಟೇ ನನ್ನ ವಾದ. 2025ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ದಡಾರ ಹಬ್ಬಿದಾಗ, ಲಸಿಕೆಯ ಬದಲು ಎ ವಿಟಮಿನ್ನೇ ರಕ್ಷೆ ಎಂದು ನಂಬಿದ ಕೆಲವು ತಂದೆತಾಯಿ ಮನೆಯಲ್ಲೇ ಅದನ್ನು ಸುರಿದರು. ದಡಾರಕ್ಕೆಂದು ಆಸ್ಪತ್ರೆಗೆ ಬಂದ ಆ ಮಕ್ಕಳಲ್ಲಿ ಕೆಲವರ ಯಕೃತ್ತು ಕೆಟ್ಟಿರುವುದು ಪರೀಕ್ಷೆಯಲ್ಲಿ ಕಂಡಿತು. ಅವರದೂ ಬೀಗರ ಪ್ರಶ್ನೆಯೇ: ವಿಟಮಿನ್ ಅಲ್ಲವೇ?

ಅಳತೆ ತಪ್ಪಿದರೆ ಏನಾಗಬಹುದೆಂದು ನಮ್ಮ ದೇಶ ಒಮ್ಮೆ ಕಂಡಿದೆ. 2001ರ ನವೆಂಬರಿನಲ್ಲಿ ಅಸ್ಸಾಮಿನಲ್ಲಿ ಯುನಿಸೆಫ್ ನೆರವಿನಿಂದ ಲಕ್ಷಾಂತರ ಮಕ್ಕಳಿಗೆ ಒಂದೇ ಅಭಿಯಾನದಲ್ಲಿ ಎ ಹನಿ ಕುಡಿಸಿದರು. ಎಂದಿನ 2 ಮಿಲಿ ಚಮಚದ ಬದಲು ಆ ಸಲ 5 ಮಿಲಿ ಹಿಡಿಯುವ ಕಪ್ಪು ಬಂದಿತ್ತು. ಅಭಿಯಾನದ ಬೆನ್ನಿಗೇ ನೂರಾರು ಮಕ್ಕಳು ವಾಂತಿ, ತಲೆನೋವಿನಿಂದ ನರಳಿದರು, ಕೆಲವು ಮಕ್ಕಳು ಸತ್ತ ವರದಿಗಳೂ ಬಂದವು. ಸಾವುಗಳಿಗೆ ಹನಿಯೇ ಕಾರಣವೇ ಎಂಬ ವಾದ ನ್ಯಾಯಾಲಯದವರೆಗೆ ಹೋಯಿತು, ತಜ್ಞರು ಎರಡು ಪಾಳೆಯವಾದರು. ಆ ವಾದದ ತುದಿ ಇಲ್ಲಿ ಬೇಕಿಲ್ಲ. ನನ್ನನ್ನು ಕಾಡುವುದು ಕಪ್ಪು. ಪ್ರತಿ ಮಿಲಿಗೆ ಲಕ್ಷ ಐಯು ಇರುವ ದ್ರವವನ್ನು 2 ಮಿಲಿಯ ಗೆರೆ ನೋಡಿಯೇ ಹಾಕಬೇಕಾದ ಕಡೆ, ತುಂಬಿಸಿಬಿಡಬಹುದಾದ ಪಾತ್ರೆಯನ್ನು ಕೈಗೆ ಕೊಟ್ಟರು. ಆ ಪಾತ್ರೆ ತುಂಬಿದರೆ 5 ಲಕ್ಷ. ಹನಿ ಹಾಕುವ ಹೆಣ್ಣುಮಗಳ ಮುಂದೆ ಬಿಸಿಲಲ್ಲಿ ಸಾಲುಗಟ್ಟಿದ ತಾಯಂದಿರು, ಅಳುವ ಕೂಸುಗಳು, ಸಂಜೆಯೊಳಗೆ ಮುಟ್ಟಬೇಕಾದ ಗುರಿ. ಒಂದು ಕಪ್ಪಿನ ಅಳತೆ ಅಲ್ಲಿ ಜೀವದ ಅಳತೆ. ನಮ್ಮ ಆಶಾ ಕಾರ್ಯಕರ್ತೆಯರು ಬಾಟಲಿಯ ಜೊತೆ ಬರುವ ಗೆರೆ ಹಾಕಿದ ಚಮಚವನ್ನೇ ಬಳಸಬೇಕೆಂದು, ಬಾಟಲಿ ತೆರೆದ ದಿನಾಂಕ ಬರೆದು 8 ವಾರದೊಳಗೆ ಮುಗಿಸಬೇಕೆಂದು ಒತ್ತಿ ಹೇಳುವುದನ್ನು ಯಾರಾದರೂ ಕಿರಿಕಿರಿ ಎಂದುಕೊಂಡರೆ, ಅವರು ಅಸ್ಸಾಮಿನ ಆ ದಿನಗಳನ್ನು ನೆನೆಯಲಿ.

ಅಂಗನವಾಡಿಯ ಅಕ್ಕೋರು ಕನಿಷ್ಠ ಅಳೆದು ಕೊಡುತ್ತಾರೆ, ಬರೆದಿಡುತ್ತಾರೆ. ಮಿಕ್ಕ ಕಡೆಗಳಿಂದ ಬರುವ ಎ ಯಾರ ಪುಸ್ತಕದಲ್ಲೂ ಇಲ್ಲ. 1970ರ ಮಗುವಿಗೆ ಹನಿ ಬಿಟ್ಟರೆ ಬೇರೆ ಮೂಲ ಕಡಿಮೆಯಿತ್ತು. ಇವತ್ತಿನ ಪೇಟೆಯ ಮಗುವಿನ ದಿನ ನೋಡಿ. ಅಡುಗೆ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ನೀಲಿ ‘+ಎಫ್’ ಗುರುತಿದ್ದರೆ ಅದಕ್ಕೆ ಎ ಮತ್ತು ಡಿ ಬೆರೆಸಿದ್ದಾರೆಂದು ಅರ್ಥ. 2018ರ ಕೇಂದ್ರ ನಿಯಮದಂತೆ ಪ್ರತಿ ಗ್ರಾಂ ಎಣ್ಣೆಗೆ 6ರಿಂದ 9.9 ಮೈಕ್ರೋಗ್ರಾಂ ಎ. ಅದೇ ಗುರುತಿನ ಹಾಲಿನಲ್ಲಿ ಲೀಟರಿಗೆ 270ರಿಂದ 450. ಮಗು ದಿನಕ್ಕೆ 10 ಗ್ರಾಂ ಎಣ್ಣೆ, ಅರ್ಧ ಲೀಟರು ಹಾಲು ತೆಗೆದುಕೊಂಡರೆ ಇವೆರಡರಿಂದಲೇ 195ರಿಂದ 324 ಮೈಕ್ರೋಗ್ರಾಂ ಸೇರುತ್ತದೆ. ಆರು ತಿಂಗಳ ಹನಿಯನ್ನು 180 ದಿನಕ್ಕೆ ಹಂಚಿದರೆ ದಿನಕ್ಕೆ 333. ಕೂಡಿಸಿ: 528ರಿಂದ 657. ಒಂದರಿಂದ ಮೂರು ವರ್ಷದ ಮಗುವಿಗೆ ದಿನವೂ ಮೀರಬಾರದ ಗಡಿ 600. ಇದು ಒರಟು ಲೆಕ್ಕ. ಕಾಯಿಸಿದ ಎಣ್ಣೆಯಲ್ಲಿ ಎ ಸ್ವಲ್ಪ ಸಾಯುತ್ತದೆ, ಕುಡಿಸಿದ ಹನಿಯೆಲ್ಲ ರಕ್ತಕ್ಕೆ ಸೇರುವುದಿಲ್ಲ, ಗಡಿ ಮುಟ್ಟಿದ ತಕ್ಷಣ ಮಗು ಹಾಸಿಗೆ ಹಿಡಿಯುವುದೂ ಇಲ್ಲ. ಆದರೆ ಇಷ್ಟಕ್ಕೇ ಗಡಿಯ ಹತ್ತಿರ ಬಂದಿದ್ದೇವೆ, ಇನ್ನೂ ತಟ್ಟೆಯ ಊಟವನ್ನು ಎಣಿಸಿಯೇ ಇಲ್ಲ. ಇದರ ಮೇಲೆ ಹಸಿವೆಗೆಂದು ತಂದ ಟಾನಿಕ್: 5 ಮಿಲಿಗೆ 1,000ದಿಂದ 2,500 ಐಯು ಇರುವಂಥವು ಸಾಮಾನ್ಯ, ಎಂದರೆ 300ರಿಂದ 750 ಮೈಕ್ರೋಗ್ರಾಂ. ಹಾಲಿಗೆ ಬೆರೆಸುವ ಪುಡಿ ಬೇರೆ. ಸಕ್ಕರೆ ಗೊಂಬೆಯಂಥ ವಿಟಮಿನ್ ಮಿಠಾಯಿ ಬೇರೆ. ಚಳಿಗಾಲಕ್ಕೆಂದು ಮೀನಿನ ಯಕೃತ್ತಿನ ಎಣ್ಣೆಯ ಗುಳಿಗೆ ಬೇರೆ. ಒಂದೊಂದೂ ತನ್ನಷ್ಟಕ್ಕೆ ನಿರಪಾಯವೆಂದೇ ಕಾಣುತ್ತದೆ. ಎಲ್ಲ ಹೋಗಿ ಬೀಳುವುದು ಒಂದೇ ಹಗೇವಿಗೆ.

ಎಣ್ಣೆ ಹಾಲಿಗೆ ಎ ಬೆರೆಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ದಿನವೂ ತುಸುತುಸು ಸಿಗುವ ಆ ದಾರಿ ತಿರುಚಿನಾಪಳ್ಳಿಯ ಪ್ರಯೋಗಕ್ಕೆ ಹೆಚ್ಚು ಹತ್ತಿರ. ಆದರೆ ಬೆರೆಸುವವರು ಒಂದು ಇಲಾಖೆ, ಹನಿ ಹಾಕುವವರು ಇನ್ನೊಂದು, ಟಾನಿಕ್ ಮಾರುವವರು ಮತ್ತೊಬ್ಬರು. ಕೂಡಿಸುವವರು ಯಾರು? ಬೆರೆಸಿದ ಎಣ್ಣೆ ಹಾಲು ಎಲ್ಲಿ ನಿಜವಾಗಿ ತಲುಪಿದೆಯೋ ಆ ಜಿಲ್ಲೆಗಳಲ್ಲಿ ಮಕ್ಕಳ ರಕ್ತ ಪರೀಕ್ಷಿಸಿ, ಹನಿಯನ್ನು ಕೊರತೆಯಿರುವ ಮಕ್ಕಳಿಗೆ ಮೀಸಲಿಡುವ ಕಾಲ ಬಂದಿದೆ. ಆ ನಿರ್ಧಾರ ಸರ್ಕಾರದ್ದು. ಅಲ್ಲಿಯವರೆಗೆ ತಾಯಂದಿರು ಅಂಗನವಾಡಿಯ ಹನಿ ತಪ್ಪಿಸಬಾರದು. ತಪ್ಪಿಸಬೇಕಾದದ್ದು ಡಾಕ್ಟರರು ಹೇಳದೆ ಅಂಗಡಿಯಿಂದ ತಂದ ಬಾಟಲಿಯನ್ನು.

ಮಕ್ಕಳಿಗಿಂತ ದೊಡ್ಡವರ ವಿಷಯದಲ್ಲಿ ನನಗೆ ಹೆಚ್ಚು ಆತಂಕ. ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ನಿಂತು ನೋಡಿ. ಕೋಚಿಂಗ್ ಕ್ಲಾಸು ಬಿಟ್ಟ ಹುಡುಗ ಹುಡುಗಿಯರು ರಸ್ತೆ ತುಂಬ. ಪರೀಕ್ಷೆಯ ಚಿಂತೆ, ಹಾಸ್ಟೆಲ್ಲಿನ ಊಟ, ಮುಖದ ತುಂಬ ಮೊಡವೆ. ಒಂದು ಔಷಧದ ಅಂಗಡಿಯಲ್ಲಿ ನನ್ನ ಮುಂದೆಯೇ ಒಬ್ಬ ಹುಡುಗಿ ಫೋನಿನಲ್ಲಿ ಗೆಳತಿಯ ಗುಳಿಗೆಯ ಚಿತ್ರ ತೋರಿಸಿ ಹತ್ತು ಕ್ಯಾಪ್ಸೂಲ್ ತೆಗೆದುಕೊಂಡಳು. ಚೀಟಿ ಕೇಳಲಿಲ್ಲ. ಅದು ಐಸೋಟ್ರೆಟಿನಾಯಿನ್, ವಿಟಮಿನ್ ಎ ವಂಶದ್ದೇ ಔಷಧ. ತೀವ್ರ ಮೊಡವೆಗೆ ಅದು ಒಳ್ಳೆಯ ಔಷಧ ನಿಜ, ಆದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಯಲ್ಲಿದೆ, ಕಾರಣವಿದ್ದೇ ಇದೆ. ಅದನ್ನು ತೆಗೆದುಕೊಳ್ಳುವಾಗ, ನಿಲ್ಲಿಸಿದ ಮೇಲೂ ಒಂದು ತಿಂಗಳು, ಬಸಿರಾಗಬಾರದು. ಬಸಿರಾದರೆ ಭ್ರೂಣದ ತಲೆ, ಹೃದಯ, ಮಿದುಳು ವಿಕಾರಗೊಳ್ಳುವ ಅಪಾಯ ದೊಡ್ಡದು. ಅದರ ಜೊತೆ ಎ ವಿಟಮಿನ್ ಗುಳಿಗೆಯನ್ನೂ ನುಂಗಿದರೆ ಒಂದೇ ವಿಷ ಎರಡು ಬಾಗಿಲಿಂದ ಒಳಬಂದಂತೆ. ತಲೆಬುರುಡೆಯೊಳಗಿನ ಒತ್ತಡ ಏರಬಹುದು. “ಚರ್ಮಕ್ಕ ಛಲೋ, ಕೂದಲಕ್ಕ ಛಲೋ” ಎಂದು 50,000 ಐಯು ಕ್ಯಾಪ್ಸೂಲನ್ನು ದಿನವೂ ನುಂಗುವವರನ್ನೂ ನಾನು ಬಲ್ಲೆ. 50,000 ಐಯು ಎಂದರೆ 15,000 ಮೈಕ್ರೋಗ್ರಾಂ, ದೊಡ್ಡವರ ದಿನದ ಗಡಿ 3,000. ಐದು ಪಟ್ಟು.

ಬಸುರಿಯರ ಬಗ್ಗೆ ಇನ್ನೂ ಎಚ್ಚರ ಬೇಕು. 1995ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ, ಗರ್ಭದ ಮೊದಲ ವಾರಗಳಲ್ಲಿ ದಿನಕ್ಕೆ 10,000 ಐಯುಗಿಂತ ಹೆಚ್ಚು ಸಿದ್ಧ ವಿಟಮಿನ್ ಎ ತೆಗೆದುಕೊಂಡವರ ಕೂಸುಗಳಲ್ಲಿ ಜನ್ಮದೋಷ ಹೆಚ್ಚೆಂದು ತೋರಿಸಿತು. ನಮ್ಮಲ್ಲಿ ಬಸುರಿಗೆ ರಕ್ತ ಆಗಲೆಂದು ಕಲೇಜಿ, ಎಂದರೆ ಯಕೃತ್ತು, ತಿನ್ನಿಸುವ ಮನೆಗಳಿವೆ. 100 ಗ್ರಾಂ ಕುರಿಯ ಕಲೇಜಿಯಲ್ಲಿ 6,000 ಮೈಕ್ರೋಗ್ರಾಂಗೂ ಹೆಚ್ಚು ಎ ಇರುತ್ತದೆ. ಎಂದೋ ಒಂದು ತುಂಡು ತಿಂದಿದ್ದಕ್ಕೆ ಗಾಬರಿ ಬೇಡ, ಆದರೆ ಅದನ್ನೇ ಔಷಧವೆಂದು ದಿನವೂ ತಿನ್ನಿಸಬಾರದು. ರಕ್ತಕ್ಕೆ ಸರ್ಕಾರವೇ ಕೊಡುವ ಕಬ್ಬಿಣದ ಗುಳಿಗೆಯಿದೆ. ಬ್ರಿಟನ್ನಿನಲ್ಲಿ ಬಸುರಿಯರಿಗೆ ಕಲೇಜಿ ಬೇಡವೆಂದೇ ಹೇಳುತ್ತಾರೆ.

ಕಣ್ಣಿನ ನಂಬರು ಇಳಿಯಲೆಂದು ಎ ತಿನ್ನುವುದೂ ವ್ಯರ್ಥ. ಕೊರತೆಯಿಂದ ಬಂದ ಇರುಳುಗಣ್ಣನ್ನು ಅದು ತೆಗೆಯುತ್ತದೆ. ಕನ್ನಡಕದ ನಂಬರನ್ನಲ್ಲ. ಬೀಡಿ ಸಿಗರೇಟು ಸೇದುವವರಿಗೆ ಒಂದು ಮಾತು: ಗಜ್ಜರಿಯ ಬಣ್ಣವಾದ ಬೀಟಾ ಕ್ಯಾರೋಟಿನನ್ನು ಗುಳಿಗೆ ಮಾಡಿ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತೆಂದು 1994ರಲ್ಲಿ ಫಿನ್ಲೆಂಡಿನಲ್ಲಿ, 1996ರಲ್ಲಿ ಅಮೆರಿಕದಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳು ತೋರಿಸಿವೆ. ಗಜ್ಜರಿ ತಿನ್ನಿ, ಗುಳಿಗೆ ಬಿಡಿ.

ಗಜ್ಜರಿ ಎಂದಾಗ ನಮ್ಮ ತಪ್ಪಲು ಪಲ್ಯೆಗಳ ಮಾತು ಬಂದೇ ಬರುತ್ತದೆ. ಧಾರವಾಡದ ಸಂತೆಯಲ್ಲಿ ಮೆಂತೆ, ರಾಜಗಿರಿ, ಪುಂಡಿ, ಸಬ್ಬಸಗಿ, ಕಿರಕಸಾಲಿ, ನುಗ್ಗೆ ತಪ್ಪಲಿನ ಸಿವುಡುಗಳು ಚೌಕದ ತುಂಬ. ಬೇಸಗೆಯಲ್ಲಿ ನಮ್ಮ ಆಪೂಸು ಮಾವು, ವರ್ಷವಿಡೀ ಪಪ್ಪಾಯಿ. ಇವುಗಳಲ್ಲಿರುವುದು ಕ್ಯಾರೋಟಿನ್, ಸಿದ್ಧ ಎ ಅಲ್ಲ. ದೇಹ ತನಗೆ ಬೇಕಾದಷ್ಟನ್ನೇ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಎಷ್ಟು ಮಾವಿನಹಣ್ಣು ತಿಂದರೂ ಎ ವಿಷವೇರುವುದಿಲ್ಲ, ಬಹಳವಾದರೆ ಅಂಗೈ ಹಳದಿಯಾದೀತು. ಆದರೆ ‘ತಪ್ಪಲು ತಿಂದರೆ ಎಲ್ಲ ಸರಿಹೋಗುತ್ತದೆ’ ಎಂಬುದನ್ನೂ ನಾನು ಹಾಗೆಯೇ ಒಪ್ಪುವುದಿಲ್ಲ, ಅದೂ ಪರೀಕ್ಷೆ ಮಾಡದೆ ನಂಬಿದ ಮಾತೇ. ಒಂದು ಮೈಕ್ರೋಗ್ರಾಂ ಎ ಆಗಲು ಆಹಾರದ ಸುಮಾರು 12 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್ ಬೇಕೆಂಬುದು ಈಗ ಹೆಚ್ಚಿನವರು ಒಪ್ಪಿದ ಲೆಕ್ಕ. 1995ರಲ್ಲಿ ಇಂಡೊನೇಷ್ಯಾದ ತಾಯಂದಿರಿಗೆ ಹಸಿರು ಸೊಪ್ಪು ಉಣಿಸಿ ನೋಡಿದಾಗ ರಕ್ತದ ಎ ನಿರೀಕ್ಷಿಸಿದಷ್ಟು ಏರಲಿಲ್ಲ. ಹಾಗಾಗಿ ತಪ್ಪಲನ್ನು ಚೆನ್ನಾಗಿ ಬೇಯಿಸಿ, ಶೇಂಗಾ ಎಣ್ಣೆಯ ಒಗ್ಗರಣೆ ಹಾಕಿ ತಿನ್ನಬೇಕು, ಕೊಬ್ಬಿಲ್ಲದೆ ಕ್ಯಾರೋಟಿನ್ ಒಳಗೆ ಹೋಗುವುದಿಲ್ಲ. ನಮ್ಮ ಅವ್ವಂದಿರ ಪಲ್ಯೆ ಇದನ್ನು ಮೊದಲೇ ಮಾಡುತ್ತಿತ್ತು. ಜೊತೆಗೆ ಹಾಲು, ತುಪ್ಪ, ಉಣ್ಣುವವರಿಗೆ ತತ್ತಿ ಇರಲೇಬೇಕು. ಒಂದು ತತ್ತಿಯಲ್ಲಿ ಸುಮಾರು 80 ಮೈಕ್ರೋಗ್ರಾಂ ಸಿದ್ಧ ಎ ಇದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಈಗ ಶಾಲೆಗಳಲ್ಲಿ ಸಿಗುವ ತತ್ತಿ, ಇವನ್ನು ನಾನು ಯಾವ ಹನಿಗಿಂತಲೂ ಕಡಿಮೆಯೆಂದು ಎಣಿಸುವುದಿಲ್ಲ. ತತ್ತಿ ಬೇಡವೆಂದು ಮಕ್ಕಳ ತಟ್ಟೆಯ ಮುಂದೆ ನಿಂತು ವಾದಿಸಿದವರು ಆ ತಟ್ಟೆಯಲ್ಲಿ ಏನು ಕಡಿಮೆಯಾಗುತ್ತದೆಂದು ಲೆಕ್ಕ ಹಾಕಿದ್ದರೆ ಚೆನ್ನಾಗಿತ್ತು.

ತಂಗಿಯ ಮಗಳಿಗೆ ಈಗ ಎರಡೂಮುಕ್ಕಾಲು ವರ್ಷ. ಹೋದ ತಿಂಗಳು ಬೀಗರ ಓಣಿಯಲ್ಲಿ ಹನಿ ಹಾಕುವ ದಿನವಿತ್ತು. ಅವಳ ಅಜ್ಜಿಯೇ ಕೂಸನ್ನು ಕರೆದುಕೊಂಡು ಹೋದರು, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ತಾಯಿ ಕಾರ್ಡು. ಅಕ್ಕೋರು ಬಾಟಲಿ ಎತ್ತುವ ಮೊದಲೇ ಅವರು ಕಾರ್ಡು ತೆರೆದು ಹಿಡಿದರಂತೆ. ಹಿಂದಿನ ಹನಿಗೆ ನಾಲ್ಕೂವರೆ ತಿಂಗಳಾಗಿತ್ತು. “ಇನ್ನೂ ದೀಡ ತಿಂಗಳು ಐತ್ರಿ ಅಮ್ಮಾ, ಈಗ ಬ್ಯಾಡ” ಎಂದು ಅಕ್ಕೋರು ಮುಂದಿನ ದಿನಾಂಕ ಬರೆದುಕೊಟ್ಟರು. ಸಾಲಿನಲ್ಲಿ ಹಿಂದಿದ್ದ ಹೆಣ್ಣುಮಗಳೊಬ್ಬಳು, “ಬಂದೀರಲ್ಲಾ, ಹಾಕಿಸಿಬಿಡ್ರಿ, ವಿಟಮಿನ್ ಅಲ್ಲೇನ” ಎಂದಳಂತೆ. ಬೀಗಿತ್ತಿ ಅಲ್ಲೇ ನಿಂತು, ಆ ಶನಿವಾರದ ನೆತ್ತಿಯ ಕಥೆಯನ್ನು ಮೊದಲಿನಿಂದ ಅವಳಿಗೆ ಹೇಳತೊಡಗಿದರು.